ಆಷಾಢದ ಗಾಳಿಗೆ ಸಿಕ್ಕ ಡ್ರೋನ್

ಮೂರು ವರ್ಷದ ಹಿಂದಿನ ಮಾತು. ಜತ್ತ ತಾಲೂಕಿನ ನಮ್ಮೂರಿಗೆ ನಾನು ಪೊಲೀಸ್ ಪಾಟೀಲಳಾಗಿ ಹದಿಮೂರನೆಯ ವರ್ಷ ನಡೆದಿತ್ತು, ನಿವೃತ್ತಿಗೆ ಇನ್ನೊಂದೇ ವರ್ಷ ಉಳಿದಿತ್ತು. ಪೊಲೀಸ್ ಪಾಟೀಲ ಅಂದ ಕೂಡಲೇ ಗಡಿಯಾಚೆಯ ನಮ್ಮ ಬಳಗದವರು ಖಾಕಿ, ಲಾಠಿ ಎಲ್ಲ ನೆನೆಸಿಕೊಳ್ಳುತ್ತಾರೆ. ಹಾಗೇನೂ ಇಲ್ಲ. ಮಹಾರಾಷ್ಟ್ರದಲ್ಲಿ ಊರಿಗೊಬ್ಬರನ್ನು ಸರಕಾರ ಈ ಕೆಲಸಕ್ಕೆ ನೇಮಿಸುತ್ತದೆ. ಊರಲ್ಲಿ ಕಳವಾದರೆ, ಹೊಡೆದಾಟವಾದರೆ, ಗುರುತಿಲ್ಲದವರು ಬಂದು ಬೀಡುಬಿಟ್ಟರೆ ಠಾಣೆಗೆ ವರದಿ ಕೊಡಬೇಕು. ಸಣ್ಣಪುಟ್ಟ ತಕರಾರು ಊರಲ್ಲೇ ಮುಗಿಸಬೇಕು. ನಾನು ಸೀರೆ ಉಟ್ಟುಕೊಂಡು, ಸ್ಕೂಟಿ ಮೇಲೆ ತಿರುಗಿ ಈ ಕೆಲಸ ಮಾಡಿದವಳು.

ನನಗೆ ಸಂಶಯ ಜಾಸ್ತಿ. ಇದನ್ನು ಮನೆಯವರು ಬೈಗುಳದ ಹಾಗೆ ಹೇಳುತ್ತಾರೆ, ನಾನು ಹೊಗಳಿಕೆ ಅಂದುಕೊಳ್ಳುತ್ತೇನೆ. ಸೊಸೆ ಹಾಲು ಒಡೆದಿದೆ ಅಂದರೂ ಪಾತ್ರೆ ಮೂಸಿ ನೋಡದೆ ನಂಬುವುದಿಲ್ಲ. ಈ ಸ್ವಭಾವ ಸಂಸಾರಕ್ಕೆ ಅಷ್ಟೇನೂ ಒಳ್ಳೆಯದಲ್ಲ, ಕೆಲಸಕ್ಕೆ ಮಾತ್ರ ಬಹಳ ಉಪಯೋಗಕ್ಕೆ ಬಂತು.

ಆ ಆಷಾಢದಲ್ಲಿ ಊರಿಗೆ ಊರೇ ನನಗಿಂತ ಹೆಚ್ಚು ಸಂಶಯದ್ದಾಗಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಆಕಾಶದಲ್ಲಿ ಕೆಂಪು, ಹಸಿರು ದೀಪ ಓಡಾಡುತ್ತಿದ್ದವು. ಕಳ್ಳರ ಗುಂಪು ಡ್ರೋನ್ ಬಿಟ್ಟು ಯಾರ ಮನೆಯಲ್ಲಿ ಏನಿದೆ ನೋಡಿಕೊಂಡು ಹೋಗುತ್ತದೆ, ಆಮೇಲೆ ಕಳವಿಗೆ ಬರುತ್ತದೆ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಹೊಲದ ವಸ್ತಿಗಳಲ್ಲಿ ಒಂಟಿ ಮನೆ ಇದ್ದವರು ಊರೊಳಗಿನ ಬೀಗರ ಮನೆಗೆ ಬಂದು ಮಲಗತೊಡಗಿದರು. ಪಕ್ಕದ ಊರಿನಲ್ಲಂತೂ ಪಾತ್ರೆ ಮಾರಲು ಬಂದ ಇಬ್ಬರನ್ನು ಕಂಬಕ್ಕೆ ಕಟ್ಟಿ ಹೊಡೆದಿದ್ದರು. ಅವರ ಮೈಮೇಲಿನ ಬಾಸುಂಡೆ ನೋಡಿ ಬಂದ ಮೇಲೆ ನನಗೆ ಕಳ್ಳರಿಗಿಂತ ನಮ್ಮವರದೇ ಭಯ ಹತ್ತಿತು.

ನಮ್ಮೂರಲ್ಲೂ ಗಸ್ತು ಶುರುವಾಯಿತು. ಅದರ ಮುಂದಾಳು ಮಹಾಂತೇಶ. ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡ ಮೂವತ್ತೈದರ ಗಂಡಸು, ನಗುಮುಖದವನು, ಊರ ಪಡುವಣಕ್ಕೆ ದಾಳಿಂಬೆ ತೋಟ ಇತ್ತು. ಕೋಲು ಹಿಡಿದು ಮುಂದೆ ನಡೆಯುತ್ತಿದ್ದ, ಹೆಂಗಸರಿಗೆ ಧೈರ್ಯ ಹೇಳುತ್ತಿದ್ದ. ಗಸ್ತಿನವರ ಕಣ್ಣು ಬಿದ್ದದ್ದು ಮಾಳಪ್ಪನ ಮೇಲೆ. ಮಾಳಪ್ಪ ಕುಣಿಕೋಣೂರಿನ ಕಡೆಯ ಕುರಿಗಾರ. ಹಿಂಗಾರಿ ಜೋಳ ಬಿತ್ತುವ ಮೊದಲು ಹೊಲಕ್ಕೆ ಗೊಬ್ಬರವಾಗಲಿ ಎಂದು ನಮ್ಮ ರೈತರೇ ಅವನ ಹಿಂಡನ್ನು ಕರೆಸಿ ಕೂಡ್ರಿಸುತ್ತಿದ್ದರು. ಹೆಂಡತಿ ಲಕ್ಕವ್ವನ ಜೊತೆ ಪ್ರತಿವರ್ಷ ಬರುವವನು. ಆದರೂ ಆ ವರ್ಷ, ‘ಹೊರಗ ಮಲಗವರು ಅವರೊಬ್ಬರ. ಕಳ್ಳರಿಗೆ ದಾರಿ ತೋರಸವರು ಮತ್ಯಾರು?’ ಎಂಬ ಮಾತು ಚಹಾದಂಗಡಿಯಲ್ಲಿ ಹುಟ್ಟಿತು. ಹುಟ್ಟಿದ ಮಾತಿಗೆ ಕಾಲು ಬರಲು ಎಷ್ಟು ಹೊತ್ತು?

ಹೀಗಿರುವಾಗ ಒಂದು ಮಧ್ಯಾಹ್ನ ಮಹಾಂತೇಶ ನಮ್ಮ ಮನೆಗೆ ಬಂದ. ಅವನ ಮುಖದಲ್ಲಿ ನಗು ಇರಲಿಲ್ಲ.

“ಕಾಕೂ, ನನ್ನ ಡ್ರೋನ್ ಕಳುವಾಗೇತ್ರಿ.”

ನಾನು ಅಕ್ಕಿ ಆರಿಸುತ್ತಿದ್ದೆ, ಕೈ ನಿಂತಿತು. “ನಿನ್ನ ಹಂತ್ಯಾಕ ಡ್ರೋನ್ ಐತಿ ಅಂತ ಯಾವಾಗರ ಹೇಳಿದ್ದೇನು?”

“ಹವ್ಯಾಸಕ್ಕ ತಗೊಂಡೀನ್ರಿ. ಮೊನ್ನಿ ಮೊನ್ನಿ ತಂದದ್ದು. ನಿನ್ನಿ ಸಂಜಿಕ ಮೊದಲನೇ ಸಲ ನಮ್ಮ ತೋಟದ ಮ್ಯಾಲ ಹಾರಸಾಕತ್ತಿದ್ದೆ. ಆ ಮಾಳಪ್ಪ ಕವಣಿಲೆ ಕಲ್ಲ ಹೊಡದ ಕೆಡವಿ ಒಯ್ದಾನ.”

“ನೀ ಕಣ್ಣಿಲೆ ನೋಡಿದಿ?”

“ನೋಡಿಲ್ರಿ. ಆದ್ರ ಮತ್ಯಾರ ಒಯ್ತಾರ? ನೀವು ಠಾಣೇಕ ಒಂದ ಮಾತ ಹೇಳಿದ್ರ ಬಂದು ಹಿಡಕೊಂಡು ಹೋಗ್ತಾರ. ನನ್ನ ಹೆಸರು ಮಾತ್ರ ಬರೀಬ್ಯಾಡ್ರಿ.”

ಇಲ್ಲೇ ನನಗೆ ಮೊದಲ ಮುಳ್ಳು ಚುಚ್ಚಿತು. ಕಳೆದುಕೊಂಡವರು ಬಂದರೆ ತಮ್ಮ ಹೆಸರು, ಅಪ್ಪನ ಹೆಸರು, ವಸ್ತುವಿನ ಬಣ್ಣ, ಯಾವ ಅಂಗಡಿಯಲ್ಲಿ ತಂದದ್ದು ಎಲ್ಲ ಕೇಳದೆಯೇ ಹೇಳುತ್ತಾರೆ. ಇವನಿಗೆ ತನ್ನ ಹೆಸರು ಬೇಡ, ಮಾಳಪ್ಪನ ಹೆಸರಷ್ಟೇ ಬೇಕು. ಸಂಜೆ ಕಳುವಾದ ವಸ್ತುವಿಗೆ ಮರುದಿನ ಮಧ್ಯಾಹ್ನದವರೆಗೆ ಸುಮ್ಮನಿದ್ದದ್ದು ಇನ್ನೊಂದು ಮುಳ್ಳು. ನಾನು ಚಹಾ ಕೊಟ್ಟು, “ನೋಡತೀನಿ, ನೀ ಯಾರ ಮುಂದೂ ಬಾಯಿ ಬಿಡಬ್ಯಾಡ” ಎಂದು ಕಳಿಸಿದೆ. ಅವನು ಅರ್ಧ ಕಪ್ ಚಹಾ ಬಿಟ್ಟು ಎದ್ದು ಹೋದ. ಚಹಾ ಬಿಡುವ ಗಿರಾಕಿ ಅಲ್ಲ ಅವನು.

ಹಾಗಂತ ಮಾಳಪ್ಪನನ್ನು ನಾನು ನಂಬಿದ್ದೆ ಎಂದುಕೊಳ್ಳಬೇಡಿ. ಸ್ಕೂಟಿ ಹತ್ತಿ ಅವನ ಹಟ್ಟಿಗೆ ಹೊರಟೆ. ಊರು ದಾಟಿ, ಕರೆಂಟು ತೆಗೆಯುವ ಪವನಚಕ್ಕಿಗಳ ಮಾಳ ಹತ್ತಿ, ಮೂಡಣಕ್ಕೆ ಇಳಿದರೆ ಸಿಗುವ ಬಯಲು ಅದು. ಮಹಾಂತೇಶನ ತೋಟದಿಂದ ನಾಲ್ಕು ಕಿಲೋಮೀಟರ್ ಮೇಲಾಗುತ್ತದೆ. ಹೋಗುವಾಗ ಪಡುವಣ ಗಾಳಿ ಬೆನ್ನಿಗೆ ಇದ್ದು ಗಾಡಿ ತಾನೇ ಓಡಿತು. ಬಲೆಯ ಬೇಲಿಯೊಳಗೆ ಈದ ಕುರಿಗಳು ನಿಂತಿದ್ದವು, ಪಕ್ಕದಲ್ಲಿ ಎಳೆಯ ಮರಿ ಮುಚ್ಚಿಡುವ ದೊಡ್ಡ ಬುಟ್ಟಿಗಳು. ಒಂದು ಬುಟ್ಟಿ ಮಾತ್ರ ಬೇರೆಯಾಗಿ ಬೋರಲು ಹಾಕಿತ್ತು, ಮೇಲೊಂದು ಕಲ್ಲು, ಕಲ್ಲಿನ ಮೇಲೆ ಅರಿಷಿಣ.

ನಾನು ಆ ಕಡೆ ನೋಡುವುದನ್ನು ನೋಡಿ ಮಾಳಪ್ಪ ಲಗುಬಗೆಯಿಂದ ಎದ್ದ. “ಬರ್ರಿ ಅವ್ವಾರ, ಕುಂದ್ರಿ” ಎನ್ನುತ್ತ ಕಂಬಳಿ ಹಾಸಿದ. ಹಾಸಿದ್ದು ಬುಟ್ಟಿಗೆ ನನ್ನ ಬೆನ್ನಾಗುವ ಹಾಗೆ.

“ಆ ಬುಟ್ಟ್ಯಾಗ ಏನೈತಿ?”

“ಮರಿ ಐತ್ರಿ.”

“ಒದರವಲ್ದಲ್ಲ?”

ಅವನು ಹೆಂಡತಿಯ ಕಡೆ ನೋಡಿದ. ಲಕ್ಕವ್ವನೇ ಎದ್ದು ಕಲ್ಲು ತೆಗೆದು ಬುಟ್ಟಿ ಎತ್ತಿದಳು. ಕೆಳಗೆ ಡ್ರೋನ್ ಕೂತಿತ್ತು. ಮತ್ತೆ ಹಾರಿ ಹೋಗದಿರಲಿ ಎಂದು ಅದರ ಒಂದು ಕಾಲಿಗೆ ಹಗ್ಗ ಹಾಕಿ ಗೂಟಕ್ಕೆ ಕಟ್ಟಿದ್ದರು. ಮೈತುಂಬ ಭಂಡಾರ, ಅಂದರೆ ಬೀರದೇವರ ಅರಿಷಿಣಪುಡಿ ಎರಚಿದ್ದರು. ಆ ಭಯದ ನಡುವೆಯೂ ನನಗೆ ನಗು ತಡೆಯಲಾಗಲಿಲ್ಲ. ಮದುಮಗನ ಹಾಗೆ ಕಾಣುತ್ತಿತ್ತು.

ಲಕ್ಕವ್ವ ನಗಲಿಲ್ಲ. “ನಿನ್ನಿ ಹೊತ್ತ ಮುಣಗೂದ್ರಾಗ ಮ್ಯಾಲ ಬಂದು ನಿಂತಿತ್ರಿ ಅವ್ವಾರ. ಗುಂಯ್ ಅನ್ಕೋತ ಅಲ್ಲೇ ನಿಂತು, ಆಮ್ಯಾಲ ಕೋಳಿ ಕಾವಿಗೆ ಕೂತಂಗ ಮೆಲ್ಲಕ ಇಳೀತು. ಕುರಿ ಎಲ್ಲಾ ಬಲಿ ಹರಕೊಂಡು ಓಡಿದುವು. ಊರಾಗ ತಂದು ಕೊಡೂಣಂದ್ರ, ಇದು ನಮ್ಮ ಕೈಯಾಗ ಕಂಡ್ರ ನಮ್ಮನ್ನ ಜೀವಂತ ಬಿಡ್ತಾರೇನ್ರಿ?”

ಅವಳು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಗಸ್ತಿನವರಿಗೆ ಈ ಬುಟ್ಟಿ ಮೊದಲು ಕಂಡಿದ್ದರೆ ಮಾಳಪ್ಪನ ಗತಿ ಏನಾಗುತ್ತಿತ್ತೆಂದು ಪಕ್ಕದ ಊರಿನ ಕಂಬವೇ ಹೇಳುತ್ತಿತ್ತು. ಡ್ರೋನನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ. ನಾಲ್ಕೂ ರೆಕ್ಕೆ ನೆಟ್ಟಗಿದ್ದವು. ಮೈಮೇಲೆ ಒಂದು ಗೀರಿಲ್ಲ. ಕವಣೆ ಕಲ್ಲು ಬಡಿದು ಆಕಾಶದಿಂದ ಬಿದ್ದ ವಸ್ತು ಹೀಗಿರುತ್ತದೆಯೇ? ತಲೆ ಎತ್ತಿದೆ. ಮಾಳದ ಮೇಲಿನ ಪವನಚಕ್ಕಿಗಳೆಲ್ಲ ಪಡುವಣಕ್ಕೆ ಮುಖ ಮಾಡಿ ತಿರುಗುತ್ತಿದ್ದವು, ಗಾಳಿ ಎತ್ತಣಿಂದ ಬರುತ್ತದೋ ಅತ್ತ ಮುಖ. ಆಷಾಢದಲ್ಲಿ ಸೈಕಲ್ ಹೊಡೆದ ಜತ್ತ ತಾಲೂಕಿನ ಎಲ್ಲರಿಗೂ ಈ ಗಾಳಿ ಗೊತ್ತು. ಮೂಡಣಕ್ಕೆ ಹೋಗುವಾಗ ರಾಜ, ಮರಳುವಾಗ ಆಳು. ಈ ಯಂತ್ರ ತಾನಾಗಿ ಇಲ್ಲಿಗೆ ಬಂದಿದೆ, ಮರಳಲಾರದೆ ಕೂತಿದೆ ಎನ್ನುವುದು ನನಗೆ ಅಲ್ಲೇ ಹೊಳೆಯಿತು.

“ಇದನ್ನ ನಾ ಒಯ್ತೀನಿ” ಎಂದೆ.

ಮಾಳಪ್ಪ ಕೈ ಮುಗಿದ, ಆದರೆ ಒಪ್ಪಲಿಲ್ಲ. “ಸಿಟ್ಟ ಆಗಬ್ಯಾಡ್ರಿ. ಹಿಂಡಿನಾಗ ಬಂದು ಸೇರಿದ್ದನ್ನ ಬ್ಯಾರೇದವರ ಕೈಯಾಗ ಕೊಡೂದಿಲ್ರಿ ನಾವು.”

ಕುರಿಗಾರರ ಕಟ್ಟಳೆ ನನಗೂ ಗೊತ್ತಿತ್ತು. ತಪ್ಪಿಸಿಕೊಂಡ ಕುರಿ ಬೇರೆಯವರ ಹಿಂಡು ಸೇರಿದರೆ ಅದನ್ನು ಕಟ್ಟಿ, ಮೇವು ಹಾಕಿ ಕಾಯುತ್ತಾರೆ. ಕಳೆದುಕೊಂಡವನೇ ಹಟ್ಟಿಗೆ ಬರಬೇಕು. ಭಂಡಾರ ಮುಟ್ಟಿ, ಮೇಯುತ್ತಿದ್ದ ಕುರಿ ಯಾವ ಮಾಳದಿಂದ ತಪ್ಪಿತು ಎಂದು ನಾಲ್ಕು ಮಂದಿಯ ಮುಂದೆ ಹೇಳಬೇಕು. ಹೇಳಿದರೆ ಅವನದು. ಜೀವಕ್ಕೆ ಕುತ್ತು ಬಂದ ಹೊತ್ತಿನಲ್ಲೂ ಈ ಮನುಷ್ಯ ಕಟ್ಟಳೆ ಹಿಡಿದು ಕೂತಿದ್ದಾನಲ್ಲ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದೆ: ನಾನು ಗುಟ್ಟಾಗಿ ಒಯ್ದು ಕೊಟ್ಟರೆ ಮಹಾಂತೇಶನಿಗೆ ಡ್ರೋನ್ ಸಿಗುತ್ತದೆ, ಮಾಳಪ್ಪನ ತಲೆಯ ಮೇಲಿನ ಮಾತು ಹಾಗೇ ಉಳಿಯುತ್ತದೆ.

ಅಲ್ಲಿಂದಲೇ ಫೋನು ಮಾಡಿದೆ. “ಮಹಾಂತೇಶಾ, ನಿನ್ನ ಸಾಮಾನು ಸಿಕ್ಕೈತಿ. ಗಸ್ತಿನ ನಾಕ ಮಂದೀನ ಕರಕೊಂಡು ಮಾಳಪ್ಪನ ಹಟ್ಟಿಗಿ ಬಾ.”

“ಅವರ್ಯಾಕ್ರಿ ಕಾಕೂ? ನಾ ಒಬ್ಬನ ಬರತೀನಿ.”

ಕಳ್ಳ ಸಿಕ್ಕಿದ್ದಾನೆ ಎಂದರೆ ಊರನ್ನೇ ಕರೆದುಕೊಂಡು ಬರಬೇಕಾದವನು ಒಬ್ಬನೇ ಬರುತ್ತೇನೆ ಎನ್ನುತ್ತಾನೆ. ನನ್ನ ಸಂಶಯ ಅಲ್ಲಿಗೆ ಗಟ್ಟಿಯಾಯಿತು. ಗಸ್ತಿನವರಿಗೆ ನಾನೇ ಫೋನು ಮಾಡಿ, “ಡ್ರೋನಿನ ಪತ್ತೆ ಹತ್ತೇತಿ, ಬರ್ರಿ, ಕೋಲು ಮನ್ಯಾಗ ಬಿಟ್ಟು ಬರ್ರಿ” ಎಂದೆ. ಬುಟ್ಟಿಯನ್ನು ಮೊದಲಿನ ಹಾಗೆ ಮುಚ್ಚಿಸಿ ಅದರ ಪಕ್ಕಕ್ಕೇ ಕೂತೆ. ಯಾರಾದರೂ ಮಾಳಪ್ಪನ ಮೈಮೇಲೆ ಬಂದರೆ ಮೊದಲು ನನ್ನನ್ನು ದಾಟಬೇಕಿತ್ತು. ಐವತ್ತೊಂಬತ್ತರ ಹೆಂಗಸು ಎಷ್ಟು ಜನರನ್ನು ತಡೆಯುತ್ತಾಳೆ ಎಂದು ಒಳಗೊಳಗೇ ಅಂಜಿಕೆಯೂ ಇತ್ತು, ಅದೂ ನಿಜ.

ಬಂದರು. ಮಹಾಂತೇಶನೂ ಜೊತೆಗಿದ್ದ. ಕೋಲು ಯಾರೂ ಬಿಟ್ಟು ಬಂದಿರಲಿಲ್ಲ. ನಾನು ಬುಟ್ಟಿ ಎತ್ತಿಸಿದೆ. “ನೋಡ್ರಿ, ನಾ ಹೇಳಿರ್ಲಿಲ್ಲ?” ಎಂದು ಒಬ್ಬ ಮಾಳಪ್ಪನತ್ತ ನುಗ್ಗಿದ.

“ನಿಲ್ಲು! ಇದು ಯಾರದು ಅಂತ ಮೊದಲ ಕೇಳು” ಎಂದು ಗದರಿದೆ. “ಮಹಾಂತೇಶಾ, ಹೇಳು.”

ಗಸ್ತಿನವರೆಲ್ಲ ತಮ್ಮ ಮುಂದಾಳಿನ ಕಡೆ ತಿರುಗಿದರು. ಅವನು ತೊದಲಿದ. ನನ್ನದೇ, ತೋಟದ ಮೇಲಿತ್ತು, ಕಲ್ಲು ಬಿತ್ತು ಎಂದು ಅದೇ ಪಾಠ ಒಪ್ಪಿಸಿದ.

“ಕಲ್ಲ ಎಲ್ಲಿ ಬಡದೈತಿ, ತೋರಿಸು. ನಿಮ್ಮ ತೋಟದಾಗ ಬಿದ್ದದ್ದು ಗಾಯ ಇಲ್ಲದ ನಾಕ ಕಿಲೋಮೀಟರ್ ಹೆಂಗ ಬಂತು?”

ಮಾಳಪ್ಪ ಭಂಡಾರದ ಬಟ್ಟಲು ಮುಂದೆ ಹಿಡಿದ. “ಮುಟ್ಟಿ ಹೇಳ್ರಿ ಸಾವಕಾರ, ಯಾವ ಮಾಳದಿಂದ ತಪ್ಪಿತು?”

ಮಹಾಂತೇಶ ಕೈ ಮುಂದೆ ಮಾಡಿದ, ಹಿಂದಕ್ಕೆ ತೆಗೆದ. ಆ ಕೈ ಹಿಂದೆ ಹೋದದ್ದನ್ನು ಎಲ್ಲರೂ ನೋಡಿದರು. ಆಮೇಲೆ ಅವನು ಕುಸಿದು ಕೂತು ಹೇಳಿದ್ದು ಇಷ್ಟು. ಪವನಚಕ್ಕಿಯ ರೆಕ್ಕೆಗಳನ್ನು ಮೇಲಿಂದ ಚಿತ್ರ ತೆಗೆಯುವ ಆಸೆ. ಕಣ್ಣಳತೆ ದಾಟಿ ಹಾರಿಸಬಾರದು ಎಂದು ಗೊತ್ತಿತ್ತು. ಗಾಳಿ ಬೆನ್ನಿಗಿದ್ದದ್ದರಿಂದ ಡ್ರೋನ್ ಸರಸರ ಹೋಯಿತು. ಹೋಗಲು ಅರ್ಧ ಬ್ಯಾಟರಿ, ಬರಲು ಅರ್ಧ ಎಂದು ಲೆಕ್ಕ ಹಾಕಿದ್ದ. ಮರಳಿಸುವ ಗುಂಡಿ ಒತ್ತಿದರೆ ಎದುರು ಗಾಳಿಗೆ ಅದು ನಿಂತಲ್ಲೇ ನಿಂತಿತು, ಹಿಂದಕ್ಕೂ ಜಾರಿತು. ಬ್ಯಾಟರಿ ಮುಗಿಯುವಾಗ ಆ ಯಂತ್ರಗಳು ಇದ್ದಲ್ಲೇ ಇಳಿಯುತ್ತವಂತೆ. ಕೊನೆಯ ಚಿತ್ರದಲ್ಲಿ ಅವನಿಗೆ ಕಂಡದ್ದು ಕುರಿಗಳು. ತಾನೇ ಬಂದು ಕೇಳಿದರೆ ಡ್ರೋನ್ ತನ್ನದೆಂದು ಊರಿಗೆ ತಿಳಿಯುತ್ತದೆ. ಅದಕ್ಕೇ ಮಾಳಪ್ಪನ ಹೆಸರು.

“ಹಂಗಾರ ದಿನಾ ಸಂಜಿಕ ಕೆಂಪ ದೀಪಾ, ಹಸರ ದೀಪಾ...” ಗಸ್ತಿನವನೊಬ್ಬ ಮಾತು ಅಲ್ಲೇ ನಿಲ್ಲಿಸಿದ.

“ನಂದರಿ. ಮೊದಲನೇ ದಿನಾನ ಹೇಳಬೇಕಂತಿದ್ದೆ. ನೀವೆಲ್ಲಾ ಅಷ್ಟ ಅಂಜಿದ್ರಿ, ಹೇಳಾಕ ನಾಲಿಗಿ ಬರಲಿಲ್ಲ. ಆಮ್ಯಾಲ ನೀವ ನನ್ನ ಮುಂದ ಮಾಡಿದ್ರಿ.”

ಊರನ್ನು ಹೆದರಿಸಿದ ಕಳ್ಳನನ್ನು ಹಿಡಿಯಲು ಅದೇ ಮನುಷ್ಯ ಕೋಲು ಹಿಡಿದು ಮುಂದೆ ನಡೆದಿದ್ದ! ಎಳೆಗೂಸು ಕಟ್ಟಿಕೊಂಡು ನಿದ್ದೆಗೆಟ್ಟ ಹೆಂಗಸರು ನೆನಪಾಗಿ ನನ್ನ ಮೈ ಉರಿಯಿತು. ನನಗಿಂತ ಮೊದಲು ಉರಿದವನು ಆ ಗಸ್ತಿನವನು. ಮಾಳಪ್ಪನಿಗೆಂದು ತಂದ ಕೋಲು ಮಹಾಂತೇಶನ ಮೇಲೆ ಎದ್ದಿತು. ನಾನು ಏಳುವಷ್ಟರಲ್ಲಿ ಮಾಳಪ್ಪ ನಡುವೆ ಬಂದು ನಿಂತಿದ್ದ.

“ಬ್ಯಾಡ್ರಿ. ಕಳಕೊಂಡಾಂವ ಹಟ್ಟಿಗಿ ಬಂದು ಖರೆ ಹೇಳಿದ ಮ್ಯಾಲ ಯಾರೂ ಕೈ ಹಚ್ಚಂಗಿಲ್ಲ. ಅವಂದು ಅವಗ ಕೊಟ್ಟು ಕಳಸೂದು ನಮ್ಮ ಕೆಲಸ.”

ಅವನೇ ಬಾಗಿ ಡ್ರೋನಿನ ಕಾಲಿನ ಹಗ್ಗ ಬಿಚ್ಚಿದ, ಮಹಾಂತೇಶನ ಹಣೆಗೆ ಭಂಡಾರ ಹಚ್ಚಿದ, ಯಂತ್ರವನ್ನು ಅವನ ಮಡಿಲಿಗೆ ಇಟ್ಟ. ಮಹಾಂತೇಶ ತಲೆ ಎತ್ತಲಿಲ್ಲ. ಲಕ್ಕವ್ವ ಮಾತ್ರ ಒಂದು ಮಾತು ಹೇಳಿದಳು, ಅದೂ ಬೈಯುವ ದನಿಯಲ್ಲಲ್ಲ. “ನೀವ ಕೋಲ ಹಿಡಕೊಂಡು ಈ ದಾರೀಲೆ ಹಾಯ್ದು ಹೋಗ್ತಿದ್ರಿ ನೋಡ್ರಿ ಸಾವಕಾರ, ಅವಾಗಷ್ಟ ನಾವು ಕಣ್ಣ ಮುಚ್ಚತಿದ್ದಿವಿ. ನೀವ ಅದೀರಿ ಅಂತ.”

ಮಹಾಂತೇಶ ಆಗ ಬಿಕ್ಕಿ ಅತ್ತ. ಹಣೆಯ ಭಂಡಾರ ಕಣ್ಣೀರಿಗೆ ಇಳಿದು ಡ್ರೋನಿನ ಮೇಲೆ ಬಿತ್ತು.

ನಾನು ಠಾಣೆಗೆ ನಡೆದದ್ದನ್ನು ನಡೆದ ಹಾಗೆ ವರದಿ ಕೊಟ್ಟೆ, ಬರೆಯಬೇಡಿ ಎಂದಿದ್ದ ಅವನ ಹೆಸರನ್ನೂ ಬಿಡಲಿಲ್ಲ. ಅವರು ಕರೆಸಿ ತಾಕೀತು ಮಾಡಿ ಬಿಟ್ಟರು. ನಾನು ಹಾಕಿದ ಶಿಕ್ಷೆ ಬೇರೆ: ವಸ್ತಿ ವಸ್ತಿಗೆ ಹೋಗಿ, ‘ಆ ದೀಪ ನನ್ನ ಡ್ರೋನಿಂದು ಇತ್ರಿ, ಅಂಜಬ್ಯಾಡ್ರಿ’ ಎಂದು ತನ್ನ ಬಾಯಿಂದ ಹೇಳಬೇಕು. ಹೇಳಿದ. ಕೆಲವರು ಬಾಗಿಲು ಹಾಕಿಕೊಂಡರು, ಕೆಲವರು ನೀರು ಕೊಟ್ಟರು. ಅರಿಷಿಣ ತುಂಬಿದ ಡ್ರೋನ್ ಮತ್ತೆ ಹಾರಲಿಲ್ಲವಂತೆ, ಅವನೂ ರಿಪೇರಿಗೆ ಒಯ್ಯಲಿಲ್ಲ. ಮಾಳಪ್ಪನ ಹಿಂಡು ಮುಂದಿನ ವರ್ಷವೂ ಬಂತು. ಮೊದಲು ಕೂತದ್ದು ಮಹಾಂತೇಶನ ಹೊಲದಲ್ಲಿ, ಅವನೇ ಹೋಗಿ ಕರೆದು ತಂದಿದ್ದ.

ನಮ್ಮ ಕೆಲಸದಲ್ಲಿ ಯಾರಾದರೂ ಕಳುವಾಗಿದೆ ಎಂದು ಬಂದರೆ, ‘ಯಾರ ಮ್ಯಾಲ ಸಂಶಯ?’ ಎಂದು ಕೇಳುವುದು ವಾಡಿಕೆ. ಆ ಪ್ರಶ್ನೆಗೆ ಊರಲ್ಲಿ ಉತ್ತರ ಬಹಳ ಸುಲಭ, ಬಯಲಲ್ಲಿ ಮಲಗುವವರ ಹೆಸರು ಯಾವಾಗಲೂ ಸಿದ್ಧ ಇರುತ್ತದೆ. ಉಳಿದ ಒಂದು ವರ್ಷ ನಾನು ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡೆ. ಬಂದವರನ್ನು ಕೂಡ್ರಿಸಿ, ಕಣ್ಣಲ್ಲಿ ಕಣ್ಣಿಟ್ಟು, ಮೊದಲು ಮಾಳಪ್ಪನ ಪ್ರಶ್ನೆ ಕೇಳುತ್ತಿದ್ದೆ: “ಯಾವ ಮಾಳದಿಂದ ತಪ್ಪಿತು?”