ಹೊಳೆ ಕಾಯೋದು ಕಲಿಸಿದ ಗಾರ್ಡಣ್ಣ

ನನಗಾಗ ಮೂವತ್ತೆಂಟು ವರ್ಷ. ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಗಾರ್ಡಣ್ಣನ ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಎರಡೇ ಇದ್ದವು. ನಡುವಿನ ಮೂರು ಬುಡದಿಂದಲೇ ಹೋಗಿ, ಆ ಜಾಗದ ಚರ್ಮ ಸುಟ್ಟ ಬದನೆಕಾಯಿಯ ಹಾಗೆ ಸುಕ್ಕುಗಟ್ಟಿತ್ತು. ಇಕ್ಕಳದಲ್ಲಿ ಹಿಡಿದ ಹಾಗೆ ಆ ಎರಡು ಬೆರಳಲ್ಲೇ ಹುಟ್ಟು ಹಿಡಿದು ತೆಪ್ಪ ನಡೆಸುತ್ತಿದ್ದರು.

ಅವರು ನಂಜನಗೂಡಿನ ಕಡೆಯವರು. ಪ್ರಾಯದಲ್ಲಿ ಕಪಿಲೆಯಲ್ಲಿ ತೋಟೆ ಹಾಕಿ ಮೀನು ಹಿಡಿಯುತ್ತಿದ್ದರು. ತೋಟೆ ಎಂದರೆ ಬಂಡೆ ಒಡೆಯುವ ಸಿಡಿಮದ್ದಿನ ಕಡ್ಡಿ. ಅದರ ಬತ್ತಿಗೆ ಬೀಡಿಯ ಬೆಂಕಿ ತಾಗಿಸಿ ಮಡುವಿಗೆ ಎಸೆದರೆ ಮರಿ, ಮೊಟ್ಟೆ ಎನ್ನದೆ ಎಲ್ಲ ಸಾಯುತ್ತದೆ. ಒಂದು ದಿನ ಕೈಯಲ್ಲೇ ಸಿಡಿಯಿತು. ಆಮೇಲೆ ಮೀನು ಕಾಯುವ ಸಂಘದವರು ಅವರನ್ನೇ ಗಾರ್ಡ್ ಮಾಡಿಕೊಂಡರು. ನರಸೀಪುರದಿಂದ ತಲಕಾಡಿನವರೆಗೆ ಹೊಳೆ ಅವರ ಪಹರೆ.

ನಾನು ಸೇರಿದ್ದು ಹೊಟ್ಟೆಪಾಡಿಗೆ. ಗಂಡ ಬಿಟ್ಟು ಹೋಗಿದ್ದ. ತಾಯಿ, ತಮ್ಮ ಇದ್ದ ಮನೆಯ ಪಕ್ಕದಲ್ಲೇ ಒಂದು ಗುಡಿಸಲು ಹಾಕಿಕೊಂಡಿದ್ದೆ. ಅಪ್ಪ ಬಲೆ ಬೀಸಿ ಬದುಕಿದವನು, ಹಾಗಾಗಿ ತೆಪ್ಪ ನಡೆಸಲು ಬರುತ್ತಿತ್ತು. ಮೂರನೇ ಕ್ಲಾಸಿನವರೆಗೆ ಓದಿದ್ದೆ. ಗಾರ್ಡಣ್ಣನಿಗೆ ಅಕ್ಷರ ಬಾರದು, ದಿನದ ವರದಿ ಬರೆಯಲು ಒಬ್ಬರು ಬೇಕಿತ್ತು. ಮೂರು ತಿಂಗಳು ಕಲಿ, ಆಮೇಲೆ ಕೆಲಸ ಖಾಯಂ ಎಂದರು ಸಂಘದವರು. ಖಾಕಿ ಶರ್ಟು ಕೊಟ್ಟರು. ಸೀರೆಯ ಮೇಲೆ ಹಾಕಿಕೊಂಡೆ.

ಬಟ್ಟೆ ಒಗೆಯುವ ಹೆಂಗಸರು ನಕ್ಕರು. "ನೋಡ್ರಮ್ಮಿ, ಮೀನ್ಗೂ ಇನ್ಸ್‌ಪೆಕ್ಟ್ರು ಬಂದ್ಳು."

"ನಗ್ಲಿ ಬುಡಮ್ಮಿ," ಎಂದರು ಗಾರ್ಡಣ್ಣ. "ನಕ್ಕೋರ್ ಮನೇಲಿ ಸಂಜೆಗೆ ಏನ್ ಬೇಯ್ತದೆ ಅಂತ ವಾಸ್ನೆ ನೋಡು."

ತೋಟೆಯ ಮೀನಿನ ಆ ವಾಸನೆ ನಮ್ಮ ತಾಯಿಯ ಮನೆಯಲ್ಲೂ ಇತ್ತು. ತಮ್ಮನ ಬಲೆ ಸೂರಿನಲ್ಲಿ ಒಣಗಿಕೊಂಡೇ ಇರುತ್ತಿತ್ತು, ಮೀನು ಮಾತ್ರ ಬರುತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಗಾರ್ಡಣ್ಣ ಎಲೆಅಡಿಕೆ ಜಗಿದು ನೀರಿಗೆ ಉಗಿದು ಸೆಳೆತ ನೋಡುವರು. "ಉಗುಳು ಯಾವ್ ಕಡೀಕೋಯ್ತದೋ ಸತ್ತೋನ್ ಎಣಾನೂ ಆ ಕಡೀಕೇ ಓಯ್ತದೆ, ನೋಡ್ಕೊ." ಹುಟ್ಟಿನ ಒಂದು ತುದಿ ನೀರಿಗೆ ಇಳಿಬಿಟ್ಟು ಇನ್ನೊಂದು ತುದಿಗೆ ನನ್ನ ಕಿವಿ ಒತ್ತಿಸುವರು. ದೂರದ ಮಡುವಿನಲ್ಲಿ ತೋಟೆ ಸಿಡಿದರೆ ಗಾಳಿಯಲ್ಲಿ ಕೇಳದಿದ್ದರೂ ಮರದಲ್ಲಿ ಧಿಮ್ಮೆಂದು ಬರುತ್ತದೆ. ಮೊದಲ ಮೂರು ಸಲ ನನಗೆ ಏನೂ ಕೇಳಲಿಲ್ಲ. "ಕಿವೀಲಿ ಸಂಸಾರ ತುಂಬ್ಕೊಂಡಿದ್ದೀಯ, ಅದ್ಕೇ" ಎಂದು ಬೈದರು. ಆಮೇಲೆ ಹದಿನೆಂಟು ವರ್ಷ ನಾನು ಹೊಳೆ ಕಾದದ್ದು ಅವರು ಮಾಡಿಕೊಟ್ಟ ಆ ಕಿವಿಯಿಂದಲೇ.

ಸಿಡಿದ ಮಡುವಿನಲ್ಲಿ ಮುಳುಗಿ, ತಳದಲ್ಲಿ ಸತ್ತು ಬಿದ್ದ ಮೀನನ್ನೆಲ್ಲ ತಂದು ಬಂಡೆಯ ಮೇಲೆ ಹರಡುತ್ತಿದ್ದರು. ತೇಲುವುದು ಕೆಲವೇ, ಮಿಕ್ಕದ್ದು ಕೊಳೆಯುತ್ತದೆ ಎಂದು ನಾನು ಕಣ್ಣಾರೆ ಕಾಣಬೇಕಿತ್ತು. ಅವರು ಮೀನು ತಿನ್ನುತ್ತಿರಲಿಲ್ಲ. ಪಾಪ ಅಂತಲಾ ಎಂದು ಕೇಳಿದೆ.

"ಪಾಪನೂ ಇಲ್ಲ, ಪುಣ್ಯನೂ ಇಲ್ಲ. ಮುಳ್ಳು ಬುಡ್ಸಕ್ಕೆ ಬೆರಳಿಲ್ಲ ಕಣಮ್ಮಿ."

ಒಂದು ಮಾತನ್ನು ಮಾತ್ರ ದಿನವೂ ಹೇಳುತ್ತಿದ್ದರು. "ಕೈಯಲ್ಲಿ ಬತ್ತಿ ಉರೀತಿರೋನ್ನ ಕೂಗ್ಬ್ಯಾಡ. ತಿರುಗಿ ನೋಡ್ತಾನೆ, ಎಸೆಯಾದು ಮರೀತಾನೆ. ಎಸ್ದ ಮ್ಯಾಕೆ ಅವನ್ನ ಇಡ್ಕೊ." ಅವರ ಬೆರಳು ಹೋದದ್ದೂ ಯಾರೋ ದಡದಿಂದ ಕೂಗಿದ್ದಕ್ಕೇ ಅಂತೆ.

ಎರಡು ತಿಂಗಳು ತುಂಬಿತ್ತು. ಬೇಸಿಗೆ, ಹೊಳೆ ಇಳಿದಿತ್ತು. ಮಧ್ಯಾಹ್ನ ಹುಟ್ಟಿನಲ್ಲಿ ಸದ್ದು ಕೇಳಿ ತೆಪ್ಪವನ್ನು ಆ ಕಡೆಗೆ ಹಾಕಿದೆವು. ತಿರುವು ದಾಟಿದರೆ ಮಡುವಿನ ಅಂಚಿನಲ್ಲಿ, ಸೊಂಟದವರೆಗಿನ ನೀರಿನಲ್ಲಿ ಒಬ್ಬ ನಿಂತಿದ್ದ. ಬಾಯಲ್ಲಿ ಬೀಡಿ, ಕೈಯಲ್ಲಿ ಇನ್ನೊಂದು ತೋಟೆ. ಬತ್ತಿ ಹೊಗೆಯಾಡುತ್ತಿತ್ತು. ನನ್ನ ತಮ್ಮ.

ನಾನು ಎದ್ದು ನಿಂತು ಅವನ ಹೆಸರು ಹಿಡಿದು ಕೂಗಿದೆ.

ಅವನು ತಿರುಗಿದ. ಖಾಕಿ ಹಾಕಿದ ಅಕ್ಕನನ್ನು ನೋಡುತ್ತ ಹಾಗೇ ನಿಂತುಬಿಟ್ಟ. ನೀರು ಕಡಿಮೆ, ಬೇಗ ಸಿಡಿಯಲಿ ಎಂದು ಬತ್ತಿಯನ್ನು ಬೆರಳುದ್ದಕ್ಕೆ ಕತ್ತರಿಸಿದ್ದ.

"ಬಿಸಾಕ್ಲಾ, ಬಿಸಾಕು" ಎನ್ನುತ್ತ ಗಾರ್ಡಣ್ಣ ತೆಪ್ಪದಿಂದ ಹಾರಿದರು. ಅವನ ಕೈಯಿಂದ ತೋಟೆ ಕಿತ್ತುಕೊಂಡು, ಭುಜದಿಂದ ಅವನನ್ನು ನೀರಿನೊಳಕ್ಕೆ ತಳ್ಳಿ, ಆಚೆಗೆ ತಿರುಗಿದರು. ತಿರುಗುವಷ್ಟರಲ್ಲಿ ಸಿಡಿಯಿತು.

ತಮ್ಮ ಎದ್ದು ಓಡಿದ. ನಾನು ಗಾರ್ಡಣ್ಣನನ್ನು ತೆಪ್ಪಕ್ಕೆ ಎಳೆದುಕೊಂಡೆ. ಎದೆ ಇರಲಿಲ್ಲ ಎನ್ನಬೇಕು. ಕೊನೆಗೆ ಏನು ಹೇಳಿದರು ಎಂದು ಜನ ಈಗಲೂ ಕೇಳುತ್ತಾರೆ. ಏನೂ ಹೇಳಲಿಲ್ಲ.

ಸಂಜೆಯ ಹೊತ್ತಿಗೆ ಊರು ಒಂದು ಮಾತು ಕಟ್ಟಿತ್ತು. ಹಳೇ ತೋಟೆಯವನು, ಚಾಳಿ ಬಿಟ್ಟಿರಲಿಲ್ಲ, ತಾನೇ ಹಾಕಲು ಹೋಗಿ ಸತ್ತ. ಸಂಘದವರೂ ಹೌದೇನೋ ಎಂದರು. ಗಾರ್ಡಣ್ಣನ ಹೆಂಡತಿ ಹೆಣದ ಪಕ್ಕದಲ್ಲಿ ಕುಳಿತೇ ಆ ಮಾತು ಕೇಳಿಸಿಕೊಂಡಳು. ಕಣ್ಣಿಂದ ಕಂಡವಳು ನಾನೊಬ್ಬಳೇ. ನಾನು ಸುಮ್ಮನಿದ್ದರೆ ಠಾಣೆಯಲ್ಲೂ ಹಾಗೇ ಬರೆಯುತ್ತಿದ್ದರು.

ನನ್ನ ತಾಯಿ ಬಂದು ನನ್ನ ಗುಡಿಸಲ ಹೊಸ್ತಿಲ ಮೇಲೆ ಕುಳಿತಳು.

"ಸತ್ತೋನು ಎದ್ದು ಬಂದಾನಾ? ಬದುಕಿರೋನ್ನ ಯಾಕ್ ಕಳೀತೀಯ?"

"ಅವನು ಬದುಕಿರಾದೇ ಆ ಸತ್ತೋರಿಂದ ಕಣವ್ವ."

"ನಿನ್ ಬಾಯಲ್ಲಿ ಅವನ ಎಸ್ರು ಬಂದ್ರೆ ನನ್ ಎಣ ನೋಡಕ್ಕೂ ಬರ್ಬ್ಯಾಡ."

ಆಯಿತು, ಬರಾಕಿಲ್ಲ ಎಂದೆ. ಆ ಮಾತನ್ನು ಇಬ್ಬರೂ ಉಳಿಸಿಕೊಂಡೆವು.

ಮಾರನೆ ಬೆಳಿಗ್ಗೆ ಮೊದಲ ಬಸ್ಸಿಗೆ ನರಸೀಪುರಕ್ಕೆ ಹೋಗಿ ಠಾಣೆಯ ಬೆಂಚಿನ ಮೇಲೆ ಕುಳಿತೆ. ಬರೆಯುವ ಪೊಲೀಸಿನವನು ಬಂದ ಮೇಲೆ ಕಂಡದ್ದನ್ನೆಲ್ಲ ಹೇಳಿದೆ. ನಾನು ಕೂಗಿದ್ದನ್ನೂ ಬಿಡದೆ ಬರೆಸಿದೆ. ತೋಟೆ ಹಿಡಿದಿದ್ದವನ ಹೆಸರು ಕೇಳಿದ, ಹೇಳಿದೆ. ಅವನ ಅಪ್ಪನ ಹೆಸರು ಕೇಳಿದ, ಹೇಳಿದೆ.

"ನಿನ್ನ ಗಂಡನ ಹೆಸರೇನಮ್ಮ?"

"ಗಂಡ ಬುಟ್ಟೋಗವ್ನೆ. ಅಪ್ಪನ್ದು ಬರ್ಕೊಳಿ ಸಾ."

"ಹೇಳು."

ಅವನು ಆಗ ತಾನೆ ಬರೆದಿದ್ದ ಹೆಸರನ್ನೇ ಇನ್ನೊಂದು ಸಲ ಹೇಳಿದೆ. ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ. ನಾನು ಆ ಪೆನ್ನು ಈಸಿಕೊಂಡು ಕೆಳಗೆ ನನ್ನ ಹೆಸರು ಬರೆದೆ.