ನಾಯಿಯ ಕಡೆಯವನು

ಪ್ರಾಣಿಗಳ ಹಕ್ಕಿಗಾಗಿ ದುಡಿಯುವ ನನ್ನಂಥ ಹುಡುಗರನ್ನು ದೂರದಿಂದಲೇ ಗುರುತಿಸಬಹುದು: ಅಂಗಿ ತುಂಬ ನಾಯಿಕೂದಲು, ಬಾಯಿ ತುಂಬ ಭಾಷಣ. ಮನೆಯಲ್ಲಿ ಉಂಡ ತಟ್ಟೆ ಎತ್ತದ ನಾನು ಭಾನುವಾರವಿಡೀ ಪ್ರಾಣಿಗಳ ಆಶ್ರಯಧಾಮದಲ್ಲಿ ಗೂಡು ತೊಳೆಯುತ್ತೇನೆ. "ನಿನ್ ಕೈಲಿ ಕೆಲಸ ಮಾಡಿಸ್ಕೊಳ್ಳೋಕೆ ನಾವೂ ಬಾಲ ಬೆಳೆಸ್ಕೋಬೇಕೇನೋ?" ಅಂತಾಳೆ ಅಕ್ಕ. ಆಶ್ರಯಧಾಮಕ್ಕೆ ಬಂದವರಿಗೆಲ್ಲ "ಒಂದು ನಾಯೀನಾದ್ರೂ ಮನೆಗೆ ಕರ್ಕೊಂಡ್ಹೋಗಿ" ಎಂದು ದುಂಬಾಲು ಬೀಳುತ್ತೇನೆ. ಆದರೆ ಯಾರಾದರೂ ನನ್ನ ಮುದ್ದಿನ ಕುಂಟ ಮುದಿನಾಯಿಯತ್ತ ಬೆರಳು ತೋರಿಸಿದರೆ ಸಾಕು, ಮದುವೆ ಮುರಿಯುವ ನೆಂಟನಾಗಿಬಿಡುತ್ತೇನೆ: "ಅದಕ್ಕೆ ಕಿವಿ ಕೇಳ್ಸಲ್ಲ, ಗೊರಕೆ ಹೊಡಿಯುತ್ತೆ, ಕೋಪ ಮೂಗಿನ ತುದೀಲೇ ಇರುತ್ತೆ." ಮೊನ್ನೆ ಒಬ್ಬ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, "ನಮ್ಮನೆಯವರೂ ಹಾಗೇ ಇದ್ರು, ಕೊಡಪ್ಪ" ಎಂದು ಕೈಚಾಚಿದರು. ಹಗ್ಗ ಕೊಟ್ಟೆ. ಗೇಟಿನವರೆಗೂ ಆ ಕಿವುಡುನಾಯಿಗೆ, ಹೋದ ಮನೆಯಲ್ಲಿ ಹೇಗಿರಬೇಕೆಂದು ಬುದ್ಧಿ ಹೇಳುತ್ತಲೇ ಹೋದೆ.