ನೊರೆ ಹಚ್ಚಿದವರು ಮಾತಾಡುವಂತಿಲ್ಲ

ನನ್ನ ಅತ್ತೆ ಗಂಡಸರ ಗಡ್ಡ ಹೆರೆಯುತ್ತಾಳೆ. ಇದನ್ನು ನಾನು ತಲೆಯೆತ್ತಿಯೇ ಹೇಳುತ್ತೇನೆ. ಅಜ್ಜನ ಕೈ ನಡುಗತೊಡಗಿದಾಗ ಗಂಡುಮಕ್ಕಳಿಬ್ಬರೂ, ಅಂದರೆ ನನ್ನ ಅಪ್ಪ ಮತ್ತು ಚಿಕ್ಕಪ್ಪ, ನಯವಾಗಿ ಜಾರಿಕೊಂಡರು. ಅವನ ಕ್ಷೌರದಂಗಡಿ ಹಿಡಿದವಳು ಮಗಳು, ನನ್ನ ಈ ಅತ್ತೆ. "ಹೆಂಗಸಿನ ಕೈಗೆ ಕುತ್ತಿಗೆ ಕೊಡೋದಾ?" ಎಂದು ಮೂಗು ಮುರಿದ ಬೀದಿಯೇ ಈಗ ಅವಳ ಬೆಂಚಿನ ಮೇಲೆ ಸರದಿಗೆ ಕಾಯುತ್ತದೆ.

ದೇವರಿದ್ದಾನೆ ಎನ್ನುವವರೂ ಇಲ್ಲ ಎನ್ನುವವರೂ ಅಲ್ಲಿಗೆ ಬರುತ್ತಾರೆ. ವಾದ ಜೋರಾದರೆ ಅತ್ತೆ ಹೆಚ್ಚು ಕೂಗುವವನನ್ನು ಕುರ್ಚಿಗೆ ಕೂರಿಸಿ ಮೂಗಿನವರೆಗೆ ನೊರೆ ಬಳಿಯುತ್ತಾಳೆ. "ನೊರೆ ಹಚ್ಚಿದೋರು ಮಾತಾಡೋ ಹಾಗಿಲ್ಲ, ಕತ್ತಿ ನನ್ನ ಕೈಲಿದೆ." ಆಮೇಲೆ ಇನ್ನೊಬ್ಬನಿಗೂ ಅದೇ ಶಿಕ್ಷೆ. ಇದರಿಂದ ಯಾರಾದರೂ ಮನಸ್ಸು ಬದಲಿಸಿದ್ದನ್ನು ನಾನು ಕಂಡಿಲ್ಲ. ಅರ್ಧ ಗಡ್ಡದಲ್ಲಿ ಎದ್ದು ಹೋದವರನ್ನೂ ಕಂಡಿಲ್ಲ.

ಅಜ್ಜನ ಹುಟ್ಟುಹಬ್ಬಕ್ಕೆ ಎಲ್ಲರೂ ಸೇರಿದ್ದೆವು. ನಮ್ಮಲ್ಲಿ ಊಟಕ್ಕೆ ಮುಂಚೆ ಅಜ್ಜ ಪ್ರಾರ್ಥನೆ ಹೇಳುತ್ತಾನೆ, ಉಳಿದವರು ಕಣ್ಣು ಮುಚ್ಚಬೇಕು. ಅಮ್ಮ ತೀರಿಕೊಂಡ ಮೇಲೆ ನನ್ನ ತಮ್ಮ ಮುಚ್ಚುವುದನ್ನು ಬಿಟ್ಟಿದ್ದ. ಅಂದು ಬೆಳಿಗ್ಗೆಯೇ ಅಜ್ಜ ಸಾರಿಬಿಟ್ಟ: "ಪ್ರಾರ್ಥನೆ ಬೇಡದೋನಿಗೆ ನನ್ನ ಮೇಜಲ್ಲಿ ಜಾಗ ಇಲ್ಲ."

ತಮ್ಮ ಚಪ್ಪಲಿ ಮೆಟ್ಟಿದ. "ಸರಿ. ಇನ್ನು ಈ ಮನೆಗೆ ಬರಲ್ಲ."

ಅಜ್ಜ ಹಿಡಿದ ಮೊಲಕ್ಕೆ ಮೂರೇ ಕಾಲು, ಮೊಮ್ಮಗ ಹಿಡಿದದ್ದಕ್ಕೆ ಎರಡೇ. ತಮ್ಮ ಅಂದರೆ ಅಂದದ್ದೇ. ಅಮ್ಮನಂತೂ ಇಲ್ಲ, ಇನ್ನು ತಮ್ಮನನ್ನೂ ಅಜ್ಜನ ಕಣ್ಣು ತಪ್ಪಿಸಿ ನೋಡಬೇಕೇ? ಅಪ್ಪ ಎಂದಿನಂತೆ ಕಿಟಕಿಯಾಚೆ ನೋಡತೊಡಗಿದ.

ಅತ್ತೆ ಬಟ್ಟಲಲ್ಲಿ ಬ್ರಷ್ ತಿರುವುತ್ತಾ ಬಂದಳು. "ಅಪ್ಪಾ, ಹುಟ್ಟುಹಬ್ಬದ ದಿನ ಇದೇನು ಗಡ್ಡ?" ಎಂದು ಅಜ್ಜನ ಬಾಯಿ ಮುಚ್ಚುವಂತೆ ನೊರೆ ಬಳಿದಳು. ತಮ್ಮನ ಕಡೆ ತಿರುಗಿ, "ಹೋಗೋನು ಯಾಕೇಂತ ಹೇಳಿ ಹೋಗು" ಎಂದಳು.

ಅವನು ಬಾಗಿಲಲ್ಲೇ ನಿಂತು ಹೇಳಿದ: "ಅಮ್ಮ ಹುಷಾರಿಲ್ದೆ ಮಲಗಿದ್ದಾಗ ನೀನು ಹೇಳಿಕೊಟ್ಟ ಹಾಗೆ ದಿನಾ ಪ್ರಾರ್ಥನೆ ಮಾಡಿದೆ ಅಜ್ಜ. ಈಗ ಮನಸ್ಸಲ್ಲಿ ಏನೂ ಇಲ್ಲ. ಸುಮ್ನೆ ಕಣ್ಣು ಮುಚ್ಚಿದ್ರೆ ನಿನಗೇ ಸುಳ್ಳು ಹೇಳಿದ ಹಾಗಲ್ವಾ?"

ಅಜ್ಜ ಏನೋ ಹೇಳಹೋದ. ಅತ್ತೆ ಗದ್ದ ಬಿಡಲಿಲ್ಲ. ಗಡ್ಡ ಮುಗಿಸಿ, ತಮ್ಮನನ್ನು ಎಳೆದು ಕೂರಿಸಿ, ಅವನ ಗದ್ದದಲ್ಲಿದ್ದ ನಾಲ್ಕು ಕೂದಲಿಗೂ ದಂಡಿಯಾಗಿ ನೊರೆ ಹಚ್ಚಿದಳು.

ಅಜ್ಜ ಕೆನ್ನೆ ಒರೆಸಿಕೊಳ್ಳುತ್ತಾ ಹೇಳಿದ: "ನಿಮ್ಮಮ್ಮ ಹೋದಾಗ ನಾನೂ ದೇವರಿಗೆ ಬಾಯಿಗೆ ಬಂದ ಹಾಗೆ ಬೈದೆ ಕಣೋ. ಈಗಲೂ ಬೈತೀನಿ. ಬೈಯೋಕಾದ್ರೂ ಎದುರಿಗೆ ಒಬ್ಬ ಬೇಕಲ್ಲ, ಅದಕ್ಕೇ ದಿನಾ ಕೂರ್ತೀನಿ."

ಇದು ನಮಗ್ಯಾರಿಗೂ ಗೊತ್ತಿರಲಿಲ್ಲ. ಅತ್ತೆಯ ಕೈಯೂ ಒಂದು ಗಳಿಗೆ ನಿಂತಿತು.

ಯಾರೂ ಯಾರ ಕ್ಷಮೆಯನ್ನೂ ಕೇಳಲಿಲ್ಲ. ಮುಖ ತೊಳೆದುಕೊಂಡು ಬಂದ ತಮ್ಮನಿಗೆ ಅತ್ತೆ ಊಟದ ಮೇಜಿನಲ್ಲಿ ಅಜ್ಜನ ಪಕ್ಕದ ಕುರ್ಚಿ ಎಳೆದುಕೊಟ್ಟಳು. ಅವನು ಕೂತ. ಅಜ್ಜ ಪ್ರಾರ್ಥನೆ ಶುರುಮಾಡಿದ. ಒಂದೇ ಕಣ್ಣು ಮುಚ್ಚಿದ್ದ ಚಿಕ್ಕಪ್ಪನಿಗೆ ತಡೆಯಲಾಗಲಿಲ್ಲ. "ಅಪ್ಪಾ, ನೋಡು, ಇವನು ಈಗಲೂ ಕಣ್ಣು ಬಿಟ್ಕೊಂಡೇ ಇದ್ದಾನೆ!"

ಅತ್ತೆಯ ಮುಖ ನೋಡಿದೆ. ಅವಳು ಅಜ್ಜನನ್ನೇ ನೋಡುತ್ತಿದ್ದಳು.

ಅಜ್ಜ ಕಣ್ಣು ತೆರೆಯಲಿಲ್ಲ. "ಇರಲಿ ಬಿಡೋ. ನನ್ನ ಮೊಮ್ಮಗ ನನಗೆ ಸುಳ್ಳು ಹೇಳಲ್ಲ" ಎಂದು ಪ್ರಾರ್ಥನೆ ಮುಂದುವರಿಸಿದ.